ಬಿಸಿಲುಕೋಲಿನ ಧೂಳು

ಧೂಳಿನ ವಿಷಯದಲ್ಲಿ ನಮ್ಮ ಭಾಷೆಗೆ ಎರಡು ಮನಸ್ಸು. ಗುರುಹಿರಿಯರ ಪಾದಧೂಳಿಯನ್ನು ಹಣೆಗೆ ಹಚ್ಚಿಕೊಳ್ಳುತ್ತೇವೆ. ದನಗಳು ಹಟ್ಟಿಗೆ ಹಿಂದಿರುಗುವ ಹೊತ್ತನ್ನು ಗೋಧೂಳಿಯೆಂದು ಕರೆದು ಆ ಲಗ್ನದಲ್ಲಿ ಮದುವೆಗಳನ್ನೂ ಮಾಡುತ್ತೇವೆ. ಅದೇ ಬಾಯಿಂದ ಸೋತವನನ್ನು ಧೂಳೀಪಟವಾದ ಎನ್ನುತ್ತೇವೆ. ಲೆಕ್ಕಕ್ಕಿಲ್ಲದವನನ್ನು ಕಾಲಧೂಳಿಗೆ ಸಮ ಎನ್ನುತ್ತೇವೆ. ಮೋಸಗಾರನು ಕಣ್ಣಿಗೆ ಮಣ್ಣೆರಚಿದನೆನ್ನುತ್ತೇವೆ. ಪೂಜ್ಯವಾಗಲಿ ತುಚ್ಛವಾಗಲಿ, ಎರಡು ಕಡೆಯಲ್ಲಿಯೂ ಧೂಳು ಬರಿಯ ಧೂಳೇ. ಅದು ಯಾವ ಕಲ್ಲಿನದು, ಯಾವ ಹೊಗೆಯದು, ಅದರ ಮೈಮೇಲೆ ಏನು ಅಂಟಿದೆ ಎಂದು ನಮ್ಮ ಗಾದೆಗಳು ಕೇಳಿದಂತಿಲ್ಲ. ಹಾಗೆ ಕೇಳಿದವರ ವಿಚಾರವನ್ನು, ಅವರು ಕೇಳಿದ ಬಗೆಯನ್ನು, ನನಗೆ ತಿಳಿದಮಟ್ಟಿಗೆ ಇಲ್ಲಿ ಬರೆಯಲು ಹೊರಟಿದ್ದೇನೆ.

ಬಿ.ಎ. ಓದುವವನಿಗೆ ಇದರ ಗೊಡವೆ ಏಕೆ ಎಂದು ಸಹಪಾಠಿಗಳು ನಗಬಹುದು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ—ಇವು ನನ್ನ ವಿಷಯಗಳು. ನಮ್ಮ ಕಾಲೇಜಿನಲ್ಲಿ ಪ್ರಯೋಗಶಾಲೆ ಎಂಬುದಿಲ್ಲ. ಆದರೆ ಉಸಿರಾಡುವುದಕ್ಕೆ ವಿಜ್ಞಾನದ ಪದವಿ ಬೇಕಿಲ್ಲವಷ್ಟೆ. ಉಸಿರಾಡುವವರಿಗೆಲ್ಲ ಉಸಿರಿನೊಳಗೆ ಏನು ಬರುತ್ತಿದೆಯೆಂದು ಕೇಳುವ ಹಕ್ಕುಂಟು. ಆ ಹಕ್ಕಿನ ಮೇಲೆ ಈ ಲೇಖನ.

ಹೆಂಚಿನ ಸಂದಿಯಿಂದ ನಡುಮನೆಗೆ ಇಳಿಯುವ ಬಿಸಿಲುಕೋಲನ್ನು ನೋಡದವರು ಯಾರು? ಕೋಲಿನೊಳಗೆ ಸಾವಿರಾರು ಕಣಗಳು ಮೇಲೆ ಕೆಳಗೆ ಸುಳಿದಾಡುತ್ತವೆ. ಕೋಲಿನ ಆಚೆ ಗಾಳಿ ಖಾಲಿಯಾಗಿ ಕಾಣುತ್ತದೆ. ಕಣಗಳು ಅಲ್ಲಿಯೂ ಇವೆ, ಬೆಳಕು ಮಾತ್ರ ಇಲ್ಲ. ನಮ್ಮ ಹಿಂದಿನವರು ಈ ಕಣಕ್ಕೊಂದು ಹೆಸರನ್ನೇ ಇಟ್ಟಿದ್ದರು—ತ್ರಸರೇಣು. ಜಾಲಂಧ್ರದಿಂದ ಬಂದ ಬಿಸಿಲಿನಲ್ಲಿ ಕಾಣುವ ಕಣವೇ ಅಳತೆಗಳಲ್ಲೆಲ್ಲ ಮೊದಲನೆಯದೆಂದು ಮನುಸ್ಮೃತಿ ಎಣಿಸುತ್ತದೆ. ಕಣ್ಣಿಗೆ ಕಾಣುವುದರ ಕೊನೆಯ ಎಲ್ಲೆ ಅದು. ಅದರಿಂದಾಚೆಗೆ ತರ್ಕವನ್ನು ಬಿಟ್ಟರೆ ಅವರ ಕೈಯಲ್ಲಿ ಬೇರೆ ಉಪಕರಣವಿರಲಿಲ್ಲ.

ಲಂಡನ್ನಿನ ಜಾನ್ ಟಿಂಡಲ್ ಎಂಬ ವಿಜ್ಞಾನಿ ಇಂಥ ಬಿಸಿಲುಕೋಲನ್ನೇ ಉಪಕರಣ ಮಾಡಿಕೊಂಡ. ಕತ್ತಲೆಯ ಕೋಣೆಯಲ್ಲಿ ಬೆಳಕಿನ ಕೋಲೊಂದನ್ನು ಹಾಯಿಸಿ, ಅದರ ಕೆಳಗೆ ಉರಿಯುವ ದೀಪವನ್ನು ಹಿಡಿದ. ಹೊಳೆಯುತ್ತಿದ್ದ ಕೋಲಿನೊಳಗೆ ಕರಿಯ ಹೊಗೆಯಂಥದು ಎದ್ದಿತು. ಹೊಗೆಯಲ್ಲ ಅದು, ಧೂಳು ಸುಟ್ಟುಹೋಗಿ ಶುದ್ಧವಾದ ಗಾಳಿ. ಬೆಳಕನ್ನು ಚದುರಿಸುವ ಕಣಗಳಿಲ್ಲದ್ದರಿಂದ ಅದು ಕಪ್ಪಾಗಿ ಕಂಡಿತು. ಗಾಳಿಯಲ್ಲಿ ತೇಲುವ ಧೂಳಿನಲ್ಲಿ ಬಹುಭಾಗ ಸುಡತಕ್ಕ ಪದಾರ್ಥವೆಂದು ಅವನು ೧೮೭೦ರ ಉಪನ್ಯಾಸವೊಂದರಲ್ಲಿ ಸಾರಿದ. ಹತ್ತು ವರ್ಷದ ಮೇಲೆ, ೧೮೮೦ರಲ್ಲಿ, ಸ್ಕಾಟ್ಲೆಂಡಿನ ಜಾನ್ ಏಟ್ಕನ್ ಎರಡು ಗಾಜಿನ ಪಾತ್ರೆಗಳಿಗೆ ಹಬೆಯನ್ನು ಬಿಟ್ಟ. ಒಂದರಲ್ಲಿ ಸಾಮಾನ್ಯ ಗಾಳಿ, ಇನ್ನೊಂದರಲ್ಲಿ ಹತ್ತಿಯಲ್ಲಿ ಸೋಸಿದ ಗಾಳಿ. ಮೊದಲನೆಯದರಲ್ಲಿ ಮಂಜು ತುಂಬಿತು. ಎರಡನೆಯದು ತಿಳಿಯಾಗಿಯೇ ಉಳಿಯಿತು. ನೀರಿನ ಆವಿ ಹನಿಯಾಗಿ ಕೂಡಬೇಕಾದರೆ ಕೂರುವುದಕ್ಕೊಂದು ಕಣ ಬೇಕು. ಧೂಳಿಲ್ಲದಿದ್ದರೆ ಮೋಡವಿಲ್ಲ, ಮಳೆಯಿಲ್ಲ. ಮುಂಗಾರಿಗೆ ಕಾದು ಕುಳಿತ ರೈತ ತಾತ್ಸಾರದಿಂದ ಕೊಡವಿಹಾಕುವ ಧೂಳೇ ಅವನ ಮಳೆಗೂ ಬೀಜ.

ಗಾಳಿಯಲ್ಲಿ ತೇಲುವ ಇಂಥ ಘನ ಅಥವಾ ದ್ರವ ಕಣಗಳಿಗೆ ವಿಜ್ಞಾನದಲ್ಲಿ ಏರೋಸಾಲ್ ಎಂದು ಹೆಸರು. ತೇಲುಕಣ ಎಂದರೆ ನಮಗೆ ಸಾಕು. ಸಮುದ್ರದ ಉಪ್ಪು, ಮರುಭೂಮಿಯ ಮರಳು, ಒಲೆಯ ಮಸಿ, ಲಾರಿಯ ಹೊಗೆ, ಹೂವಿನ ಪರಾಗ—ಎಲ್ಲವೂ ಈ ಕುಲಕ್ಕೆ ಸೇರಿದವು.

ಈ ವಿಷಯ ನನಗೆ ಅಂಟಿಕೊಂಡದ್ದು ನಮ್ಮೂರ ಪಕ್ಕದ ಗುಡ್ಡದಿಂದ. ಅಲ್ಲಿ ಜಲ್ಲಿ ಕ್ರಷರ್ ಇದೆ. ನನ್ನ ತಂದೆ ಹದಿನಾರು ವರ್ಷದಿಂದ ಅಲ್ಲಿ ದುಡಿಯುತ್ತಾರೆ; ನನ್ನ ಶುಲ್ಕ, ಪುಸ್ತಕ, ಬಸ್ಸಿನ ಪಾಸು ಎಲ್ಲವೂ ಬಂದದ್ದು ಆ ಕಲ್ಲಿನಿಂದಲೇ. ಸಂಜೆ ಮನೆಗೆ ಬಂದಾಗ ಅವರ ಹುಬ್ಬು, ರೆಪ್ಪೆ, ಅಂಗಿಯ ಮಡಿಕೆಗಳು ಬಿಳಿಯಾಗಿರುತ್ತವೆ. ಎರಡು ವರ್ಷದಿಂದ ಒಣಕೆಮ್ಮು ಹಿಡಿದಿದೆ. ಕೇಳಿದರೆ, “ಬಿಡು ಮಗ, ಧೂಳ್ ತಾನೆ? ಎರಡು ಚೊಂಬು ನೀರು ಹುಯ್ಕಂಡ್ರೆ ಹೋಯ್ತದೆ” ಎನ್ನುತ್ತಾರೆ. ಟವಲನ್ನು ಮೂಗಿಗೆ ಕಟ್ಟಿಕೊಳ್ಳುವುದುಂಟು. ಈಗ ನನ್ನ ತಮ್ಮ, ಪಿ.ಯು.ಸಿ.ಯಲ್ಲಿ ನಪಾಸಾದವನು, ಈ ಬೇಸಗೆಯಲ್ಲಿ ತಾನೂ ಅಲ್ಲಿಗೇ ಸೇರುತ್ತೇನೆಂದು ಹಟ ಹಿಡಿದಿದ್ದಾನೆ. ಆದ್ದರಿಂದ ಧೂಳೆಂದರೇನು ಎಂಬುದು ನಮ್ಮ ಮನೆಯಲ್ಲಿ ಪರೀಕ್ಷೆಯ ಪ್ರಶ್ನೆಯಲ್ಲ.

ಮೊದಲು ಗಾತ್ರವನ್ನು ನೋಡೋಣ. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರೋಮೀಟರ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು ಐವತ್ತರಿಂದ ಎಪ್ಪತ್ತು ಮೈಕ್ರೋಮೀಟರ್. ನೂರು ಮೈಕ್ರೋಮೀಟರಿನ ಕಲ್ಲಿನ ಕಣ ಮೂಗಿನ ಎತ್ತರದಿಂದ ನೆಲಕ್ಕೆ ಬೀಳಲು ಕೆಲವೇ ಸೆಕೆಂಡು ಸಾಕು. ಹತ್ತು ಮೈಕ್ರೋಮೀಟರಿನ ಕಣಕ್ಕೆ, ಗಾಳಿ ನಿಶ್ಚಲವಾಗಿದ್ದರೂ, ಮೂರು ನಿಮಿಷ ಬೇಕು. ಒಂದು ಮೈಕ್ರೋಮೀಟರಿನ ಕಣಕ್ಕೆ ಸುಮಾರು ಐದು ಗಂಟೆ! ಯಂತ್ರ ನಿಂತು, ಆಳುಗಳು ಬುತ್ತಿ ಬಿಚ್ಚಿ ಕುಳಿತಾಗಲೂ ಅದು ಅವರ ಮುಖದ ಮುಂದೆ ತೇಲುತ್ತಲೇ ಇರುತ್ತದೆ. ಹುಬ್ಬನ್ನು ಬಿಳಿಮಾಡುವ ಧೂಳು ದಪ್ಪನೆಯದು. ಅದು ಮೂಗಿನಲ್ಲಿಯೋ ಗಂಟಲಿನಲ್ಲಿಯೋ ಸಿಕ್ಕಿಬೀಳುತ್ತದೆ. ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೆ ಹೋಗುವುದು ಕಣ್ಣಿಗೆ ಕಾಣದ ನವುರು ಧೂಳು. ಟವಲಿನ ಎಳೆಗಳ ನಡುವಿನ ಕಂಡಿ ಅದಕ್ಕೆ ಹೆಬ್ಬಾಗಿಲು. ಇದನ್ನು ನಾನು ತಂದೆಗೆ ಹೇಳಿದಾಗ ಅವರು ಒಂದು ಮಾತು ಕೇಳಿದರು: “ಕಾಣ್ದೇ ಇರೋ ಧೂಳ್ನ ನೀನೆಂಗ್ ಕಂಡೆ?” ಇಷ್ಟು ನೇರವಾದ ಪ್ರಶ್ನೆಯನ್ನು ಮೂರು ವರ್ಷದ ತರಗತಿಗಳಲ್ಲಿ ನಾನು ಕೇಳಿಲ್ಲ. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ದೊರೆತದ್ದನ್ನೇ ಮುಂದೆ ಹೇಳುತ್ತೇನೆ.

ಗಾತ್ರ ಕಿರಿದಾದಂತೆ ಮೈ ಹಿರಿದಾಗುತ್ತದೆ. ಇದು ಒಗಟಲ್ಲ, ನಮ್ಮ ಅಡಿಗೆಮನೆಯಲ್ಲಿ ದಿನವೂ ನಡೆಯುವ ಸಂಗತಿ. ಬೆಲ್ಲದ ಅಚ್ಚನ್ನು ಹಾಗೆಯೇ ಪಾನಕಕ್ಕೆ ಹಾಕಿದರೆ ಕರಗುವುದಕ್ಕೆ ಹೊತ್ತು ಹಿಡಿಯುತ್ತದೆ. ಕುಟ್ಟಿ ಹಾಕಿದರೆ ಕೂಡಲೆ ಕರಗುತ್ತದೆ. ಬೆಲ್ಲ ಅಷ್ಟೇ, ನೀರಿಗೆ ತಾಗುವ ಮೈ ಮಾತ್ರ ಹೆಚ್ಚಿತು. ಒಂದು ಸೆಂಟಿಮೀಟರ್ ಉದ್ದಗಲದ ಕಲ್ಲಿನ ದಾಳಕ್ಕೆ ಆರು ಮುಖ, ಆರು ಚದರ ಸೆಂಟಿಮೀಟರ್ ಮೈ. ಅದನ್ನೇ ಒಂದೊಂದು ಮೈಕ್ರೋಮೀಟರಿನ ದಾಳಗಳಾಗಿ ಪುಡಿಮಾಡಿದರೆ ಒಂದು ಲಕ್ಷ ಕೋಟಿ ಚೂರುಗಳಾಗಿ, ಮೈಯ ವಿಸ್ತಾರ ಆರು ಚದರ ಮೀಟರಿಗೆ ಏರುತ್ತದೆ. ಅಡಿಕೆಯ ಹೋಳಿನಷ್ಟು ಕಲ್ಲು ಒಂದು ಸಣ್ಣ ಕೋಣೆಯ ನೆಲದಷ್ಟು ಹರಡಿಕೊಂಡಂತಾಯಿತು. ರಾಸಾಯನಿಕ ಕ್ರಿಯೆಗಳು ನಡೆಯುವುದು ಈ ನೆಲದ ಮೇಲೆ.

ಮೇಲ್ಮೈಯ ತೆಳುಪೊರೆ ಎಷ್ಟು ದೊಡ್ಡ ಕೆಲಸ ಮಾಡುತ್ತದೆಂಬುದನ್ನು ದೋಸೆ ಹುಯ್ಯುವವರು ಬಲ್ಲರು. ಕಾವಲಿ ಸೇರುತೂಕದ ಕಬ್ಬಿಣವಿರಬಹುದು. ದೋಸೆ ಏಳುವುದೋ ಅಂಟುವುದೋ ಎಂಬುದನ್ನು ನಿರ್ಣಯಿಸುವುದು ಈರುಳ್ಳಿಯ ಹೋಳಿನಿಂದ ಸವರಿದ ಎಣ್ಣೆ. ತೇಲುಕಣದ ಬಾಳೂ ಹಾಗೆಯೇ. ಅದು ನೀರನ್ನು ಹೀರಿ ಮೋಡದ ಬೀಜವಾಗುವುದೋ, ಒಣಗಿಯೇ ಉಳಿಯುವುದೋ, ಶ್ವಾಸಕೋಶವನ್ನು ಸುಡುವುದೋ ಸುಮ್ಮನಿರುವುದೋ, ಎಲ್ಲದರಲ್ಲಿಯೂ ಒಳಗಿನ ತಿರುಳಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಮೈಮೇಲಿನ ಪೊರೆಗೆ ಅಧಿಕಾರ.

ಲೋಕ ಇದನ್ನು ಕಷ್ಟಪಟ್ಟೇ ಕಲಿಯಿತು. ೧೯೫೨ರ ಡಿಸೆಂಬರಿನಲ್ಲಿ ಲಂಡನ್ನಿನ ಮೇಲೆ ಐದು ದಿನ ಮಂಜು ಕವಿದಿತ್ತು. ಕಲ್ಲಿದ್ದಲಿನ ಹೊಗೆಯ ಗಂಧಕದ ಅನಿಲ ಆ ಮಂಜಿನ ಹನಿಗಳಲ್ಲಿ ಗಂಧಕಾಮ್ಲವಾಯಿತು. ಸತ್ತವರು ಸುಮಾರು ನಾಲ್ಕು ಸಾವಿರವೆಂದು ಆಗಿನ ಲೆಕ್ಕ; ಮುಂದಿನ ಅಂದಾಜುಗಳು ಅದಕ್ಕೂ ಬಹಳ ಹೆಚ್ಚು. ೧೯೮೫ರಲ್ಲಿ ದಕ್ಷಿಣ ಧ್ರುವದ ಮೇಲಣ ಓಜೋನ್ ಪದರ ತೆಳುವಾಗುತ್ತಿದೆಯೆಂದು ತಿಳಿದಾಗಲೂ ಕಾರಣ ಸಿಕ್ಕಿದ್ದು ಕಣಗಳ ಮೈಮೇಲೆಯೇ. ಬರಿಯ ಗಾಳಿಯಲ್ಲಿ ಒಂದನ್ನೊಂದು ತಾಗಿದರೂ ಸುಮ್ಮನಿರುವ ಕ್ಲೋರಿನ್ನಿನ ಸಂಯುಕ್ತಗಳು ಧ್ರುವಮೋಡದ ಹಿಮಕಣಗಳ ಮೇಲೆ ಕೂತೊಡನೆ ಚುರುಕಾಗಿ ಕ್ರಿಯೆ ನಡೆಸಿ, ಓಜೋನನ್ನು ತಿನ್ನುವ ಕ್ಲೋರಿನ್ನನ್ನು ಬಿಡುಗಡೆ ಮಾಡುತ್ತಿದ್ದವು. ಊರ ಜಗಳಗಳು ಬಯಲಿನಲ್ಲಿ ಹುಟ್ಟದೆ ಅರಳಿಕಟ್ಟೆಯ ಮೇಲೆ ಹುಟ್ಟುವ ಹಾಗೆ!

ಸರಿ, ಇಷ್ಟು ಸಣ್ಣ ಕಣದ ಮೈಮೇಲಿನ ಇನ್ನೂ ಸಣ್ಣ ಪೊರೆಯನ್ನು ಓದುವುದು ಹೇಗೆ? ಇದಕ್ಕೆ ಉತ್ತರ ರೋಹಿತವಿಜ್ಞಾನ. ಕಾಮನಬಿಲ್ಲಿನಂತೆ ಬೆಳಕನ್ನು ಬಿಡಿಸಿ ಅದರಲ್ಲಿ ಯಾವ ಬಣ್ಣವಿದೆ, ಯಾವುದು ಕಳೆದಿದೆ, ಯಾವುದು ಹೊಸದಾಗಿ ಸೇರಿದೆ ಎಂದು ನೋಡುವ ವಿದ್ಯೆ.

ಭಜನೆಯ ತಂಬೂರಿಯನ್ನು ನೆನೆಯೋಣ. ಬಿಗಿಯಾದ ತಂತಿಯ ಸ್ವರ ಮೇಲೆ, ಸಡಿಲಾದುದರದು ಕೆಳಗೆ. ಹಗುರ ತಂತಿಯದು ಮೇಲೆ, ದಪ್ಪ ತಂತಿಯದು ಕೆಳಗೆ. ಅಣುವಿನೊಳಗೆ ಪರಮಾಣುಗಳನ್ನು ಬಿಗಿದಿರುವ ಬಂಧಗಳೂ ಹೀಗೆಯೇ ಮಿಡಿಯುತ್ತವೆ. ಆಮ್ಲಜನಕಕ್ಕೆ ಕಟ್ಟಿದ ಹಗುರವಾದ ಜಲಜನಕದ ಮಿಡಿತ ತಾರಕದಲ್ಲಿ. ಭಾರವಾದ ಪರಮಾಣುಗಳದು ಮಂದ್ರದಲ್ಲಿ. ಒಂದು ಬಂಧದ ಸ್ವರ ಇನ್ನೊಂದಕ್ಕಿಲ್ಲ. ೧೮೦೦ರಲ್ಲಿ ವಿಲಿಯಂ ಹರ್ಷೆಲ್ ಕೆಂಪು ಬಣ್ಣದ ಆಚೆ ಉಷ್ಣಮಾಪಕವನ್ನಿಟ್ಟು ಕಂಡುಹಿಡಿದ ಅವಕೆಂಪು ಬೆಳಕಿನ ಕಂಪನ ಈ ಮಿಡಿತಗಳಿಗೆ ಹೊಂದುತ್ತದೆ. ಅವಕೆಂಪು ಬೆಳಕನ್ನು ವಸ್ತುವಿನ ಮೂಲಕ ಹಾಯಿಸಿದರೆ ಅಣು ತನ್ನ ಸ್ವರಕ್ಕೆ ಹೊಂದುವಷ್ಟನ್ನು ಹೀರಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಎಲ್ಲಿ ಹೀರಿತೆಂದು ನೋಡಿದರೆ ಅಣು ಯಾವುದೆಂದು ತಿಳಿಯುತ್ತದೆ. ವಿಜ್ಞಾನಿಗಳೇ ಆ ರೋಹಿತದ ಒಂದು ಭಾಗವನ್ನು ಬೆರಳಚ್ಚಿನ ಪ್ರದೇಶವೆಂದು ಕರೆಯುತ್ತಾರಂತೆ. ನನ್ನ ತಂದೆ ಕೂಲಿಯ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವವರು. ಆ ಮಾತು ನನಗೆ ಕೂಡಲೇ ಅರ್ಥವಾಯಿತು. ಅಕ್ಷರ ಬಾರದಿದ್ದರೂ ಪ್ರತಿಯೊಬ್ಬನ ಗುರುತು ಅವನ ಕೈಯಲ್ಲಿಯೇ ಇದೆ. ಕಣಕ್ಕೂ ಹಾಗೆಯೇ.

ಎರಡನೆಯ ದಾರಿಯನ್ನು ತೋರಿದವರು ನಮ್ಮವರು. ೧೯೨೧ರಲ್ಲಿ ಹಡಗಿನಲ್ಲಿ ಹೋಗುತ್ತ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು ಬೆರಗಾದ ಸಿ.ವಿ. ರಾಮನ್ನರು ಬೆಳಕು ಚದುರುವ ಬಗೆಯನ್ನು ಏಳು ವರ್ಷ ಬೆನ್ನಟ್ಟಿದರು. ೧೯೨೮ರ ಫೆಬ್ರವರಿ ೨೮ರಂದು ಕಲ್ಕತ್ತೆಯಲ್ಲಿ, ಕೆ.ಎಸ್. ಕೃಷ್ಣನ್ನರ ಜೊತೆಗಿನ ದುಡಿಮೆ ಫಲಿಸಿತು. ವಸ್ತುವಿನಿಂದ ಚದುರಿದ ಬೆಳಕಿನಲ್ಲಿ ಬಹುಪಾಲು ಬಂದ ಬಣ್ಣದಲ್ಲಿಯೇ ಹಿಂದಿರುಗುತ್ತದೆ. ಕೋಟಿಗೊಂದರ ಲೆಕ್ಕದಲ್ಲಿ ಮಾತ್ರ ಬೆಳಕಿನ ಕಣವೊಂದು ಅಣುವಿನ ಮಿಡಿತಕ್ಕೆ ಸ್ವಲ್ಪ ಶಕ್ತಿಯನ್ನು ಸುಂಕ ಕೊಟ್ಟು ಬಣ್ಣ ಬದಲಿಸಿಕೊಂಡು ಬರುತ್ತದೆ. ಸುಂಕ ಎಷ್ಟೆಂದು ಅಳೆದರೆ ಸುಂಕದಕಟ್ಟೆ ಯಾವುದೆಂದು ಗೊತ್ತು! ೧೯೩೦ರಲ್ಲಿ ನೊಬೆಲ್ ಬಹುಮಾನ ಬಂತು. ೧೯೩೩ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದರು. ೧೯೪೮ರಲ್ಲಿ ಅಲ್ಲಿಯೇ ತಮ್ಮ ಸಂಶೋಧನಾಲಯವನ್ನು ಕಟ್ಟಿ, ೧೯೭೦ರಲ್ಲಿ ತೀರಿಕೊಳ್ಳುವವರೆಗೂ ಆ ಊರಿನಲ್ಲಿದ್ದರು. ಅವರ ಕಾಲಕ್ಕೆ ಪಾದರಸದ ದೀಪ. ೧೯೬೦ರಲ್ಲಿ ಲೇಸರ್ ಬಂದ ಮೇಲೆ ಕೋಟಿಗೊಂದರ ಆ ಕ್ಷೀಣ ಬೆಳಕು ಒಂದೇ ಒಂದು ಧೂಳಿನ ಕಣದಿಂದಲೂ ದೊರೆಯುವಂತಾಯಿತು.

ಕಳೆದ ಫೆಬ್ರವರಿಯಲ್ಲಿ ವಿಜ್ಞಾನ ದಿನಾಚರಣೆಗಾಗಿ ಭೌತಶಾಸ್ತ್ರದ ಅಧ್ಯಾಪಕರೊಬ್ಬರನ್ನು ನಮ್ಮ ಕಾಲೇಜಿಗೆ ಕರೆಸಿದ್ದರು. ಉಪನ್ಯಾಸ ಮುಗಿದ ಮೇಲೆ ನಾನು ಎದ್ದು ನಿಂತು ಕೇಳಿದೆ: “ಸಾರ್, ಈ ಬೆಳಕಿಗೆ ಕ್ರಷರಿನ ಧೂಳನ್ನು ಓದಲು ಬರುತ್ತದೆಯೇ?” ಸಭೆಯಲ್ಲಿ ಕೆಲವರು ನಕ್ಕರು. ಅವರು ನಗಲಿಲ್ಲ. “ಚೆನ್ನಾಗಿ ಬರುತ್ತದಪ್ಪ. ರಾಮನ್ನರ ಕಾಲದಲ್ಲಿಯೇ, ಅದೇ ತಿಂಗಳು, ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್, ಮಾಂಡೆಲ್‌ಸ್ಟಾಮ್ ಎಂಬಿಬ್ಬರು ಇದೇ ಪರಿಣಾಮವನ್ನು ಕಂಡರು. ಅವರು ಕಂಡದ್ದು ಯಾವುದರಲ್ಲಿ ಗೊತ್ತೆ? ಬೆಣಚುಕಲ್ಲಿನಲ್ಲಿ” ಎಂದರು. ಅನಂತರ ಕರಿಹಲಗೆಯ ಮೇಲೆ ಒಂದು ಅಂಕಿಯನ್ನು ಬರೆದರು: ೪೬೪. ಬೆಣಚುಕಲ್ಲು ಕೇಳುವ ಸುಂಕ, ವಿಜ್ಞಾನಿಗಳ ಎಣಿಕೆಯಲ್ಲಿ, ಸೆಂಟಿಮೀಟರಿಗೆ ೪೬೪ ತರಂಗ. ೫೩೨ ನ್ಯಾನೋಮೀಟರಿನ ಹಸಿರು ಲೇಸರನ್ನು ಬಿಟ್ಟರೆ ೫೪೫ರ ಬಳಿ ಅದರ ಗುರುತು ಮೂಡುತ್ತದೆ. ಸುಣ್ಣಕಲ್ಲಿನದು ೧೦೮೬, ಗಂಧಕಾಮ್ಲದ ಲವಣಗಳದು ೯೮೦ರ ಆಸುಪಾಸು, ನೈಟ್ರೇಟಿನದು ೧೦೫೦ರ ಬಳಿ, ಮಸಿಯದು ೧೩೫೦ ಮತ್ತು ೧೫೮೦ರ ಸುತ್ತ ಎರಡು ಅಗಲವಾದ ದಿಬ್ಬ. ಆ ಹಲಗೆಯ ಅಂಕಿಗಳನ್ನು ನಾನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಈಗಲೂ ಇವೆ.

ಇಂಥ ಗುರುತುಗಳನ್ನು ಹಿಡಿದು ಕಣದ ಜೀವನಚರಿತ್ರೆಯನ್ನೇ ಬರೆಯಬಹುದು. ಸುಣ್ಣಕಲ್ಲಿನ ಕಣವೊಂದು ಊರ ಮೇಲೆ ತೇಲುತ್ತಿದೆಯೆನ್ನಿ. ವಾಹನಗಳ ಹೊಗೆಯಿಂದ ಹುಟ್ಟಿದ ನೈಟ್ರಿಕ್ ಆಮ್ಲದ ಆವಿ ಅದಕ್ಕೆ ತಾಗುತ್ತದೆ. ೧೦೮೬ರ ಗುರುತು ಕುಗ್ಗುತ್ತ, ೧೦೫೦ರದು ಏಳುತ್ತದೆ: ಸುಣ್ಣಕಲ್ಲು ಕ್ಯಾಲ್ಸಿಯಂ ನೈಟ್ರೇಟಾಗುತ್ತಿದೆ. ಈ ಲವಣಕ್ಕೆ ನೀರಿನ ದಾಹ ಬಹಳ. ಗಾಳಿಯಲ್ಲಿ ಸ್ವಲ್ಪವೇ ತೇವವಿದ್ದರೂ ಹೀರಿಕೊಂಡು ಒದ್ದೆಯಾಗುತ್ತದೆ. ಕಲ್ಲಾಗಿ ಹೊರಟ ಕಣ ಹನಿಯಾಗಿ ಮುಗಿಯುತ್ತದೆ. ಬೆಳಗಿನ ಧೂಳು ಸಂಜೆಗೆ ಅದೇ ಧೂಳಾಗಿರಬೇಕೆಂದಿಲ್ಲ.

ಮೇಲ್ಮೈಯನ್ನಷ್ಟೇ ಓದುವುದು ಇನ್ನೂ ನಾಜೂಕಿನ ಕೆಲಸ. ಬೆಳಕು ಕಣದ ಒಳಕ್ಕೂ ಹೋಗುವುದರಿಂದ ತಿರುಳಿನ ಮಾತು ಜೋರಾಗಿ, ಪೊರೆಯ ಪಿಸುಮಾತು ಅದರಲ್ಲಿ ಮುಳುಗಿಹೋಗುತ್ತದೆ. ಇದಕ್ಕೆ ಹಲವು ಉಪಾಯಗಳಿವೆ. ವಜ್ರದಂಥ ಹರಳಿನೊಳಗೆ ಅವಕೆಂಪು ಬೆಳಕನ್ನು ಪುಟಿಯುವಂತೆ ಬಿಟ್ಟು ಧೂಳನ್ನು ಹರಳಿನ ಮೇಲೆ ಹರಡಿದರೆ, ಬೆಳಕು ಹರಳಿನಿಂದ ಸುಮಾರು ಒಂದು ಮೈಕ್ರೋಮೀಟರಿನಷ್ಟೇ ಹೊರಗೆ ಇಣುಕಿ ಧೂಳನ್ನು ಮುಟ್ಟಿ ಬರುತ್ತದೆ. ಧೂಳಿನ ಮೇಲೆ ಗಂಧಕದ ಅನಿಲವನ್ನು ಹರಿಯಬಿಟ್ಟು, ಸಲ್ಫೇಟಿನ ಗುರುತು ನಿಮಿಷದಿಂದ ನಿಮಿಷಕ್ಕೆ ಬೆಳೆಯುವುದನ್ನು ಹೀಗೆ ಕಾಣಬಹುದು.

ಇನ್ನೂ ತೆಳುವಾದ ಪೊರೆಗೆ ಕ್ಷ-ಕಿರಣ. ಅದು ತಾಗಿದಾಗ ಪರಮಾಣುಗಳಿಂದ ಎಲೆಕ್ಟ್ರಾನುಗಳು ಚಿಮ್ಮುತ್ತವೆ. ಕಿರಣ ಆಳಕ್ಕೆ ಹೋದರೂ, ಆಳದ ಎಲೆಕ್ಟ್ರಾನು ಹೊರಬರುವ ಮೊದಲೇ ದಾರಿಯಲ್ಲಿ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮೇಲಿನ ಕೆಲವು ನ್ಯಾನೋಮೀಟರುಗಳಿಂದ ಬಂದವು ಮಾತ್ರ ತಮ್ಮ ಗುರುತಿನೊಡನೆ ಮುಟ್ಟುತ್ತವೆ. ಈ ವಿದ್ಯೆಯನ್ನು ಬೆಳೆಸಿದ ಸ್ವೀಡನ್ನಿನ ಕಾಯ್ ಸೀಗ್‌ಬಾನರಿಗೆ ೧೯೮೧ರಲ್ಲಿ ನೊಬೆಲ್ ಬಂತು. ಅವರ ತಂದೆ ಮಾನ್ನೆ ಸೀಗ್‌ಬಾನರಿಗೂ ಕ್ಷ-ಕಿರಣದ ರೋಹಿತಕ್ಕಾಗಿಯೇ ೧೯೨೪ರ ನೊಬೆಲ್ ದೊರೆತಿತ್ತು. ಕೆಲವರಿಗೆ ವಿದ್ಯೆ ಮನೆಯ ಆಸ್ತಿಯಾಗಿ ಬರುತ್ತದೆ. ಕೆಲವರಿಗೆ ಮನೆಯ ಧೂಳೇ ವಿದ್ಯೆಗೆ ಕಾರಣವಾಗುತ್ತದೆ. ಇರಲಿ.

ಈ ಯಂತ್ರಕ್ಕೊಂದು ಕೊರತೆಯುಂಟು. ಎಲೆಕ್ಟ್ರಾನುಗಳು ಸುಗಮವಾಗಿ ಸಾಗಬೇಕಾದರೆ ನಿರ್ವಾತ ಬೇಕು. ನಿರ್ವಾತದಲ್ಲಿ ಕಣದ ಮೇಲಿನ ನೀರು ಹಾರಿಹೋಗುತ್ತದೆ. ಈಚಿನ ಯಂತ್ರಗಳಲ್ಲಿ ಕಣದ ಬಳಿ ಸ್ವಲ್ಪ ಹಬೆ, ಅನಿಲ ಇರಗೊಟ್ಟೇ ಅಳೆಯುವ ಏರ್ಪಾಡುಂಟು. ಅದಕ್ಕಿಂತ ಸೊಗಸಾದ ಉಪಾಯ, ಕಣವನ್ನು ಗಾಳಿಯಲ್ಲಿ ತೇಲುತ್ತಿರುವಾಗಲೇ ಹಿಡಿಯುವುದು. ಅಮೆರಿಕದ ಆರ್ಥರ್ ಆಶ್ಕಿನ್ ೧೯೭೦ರಲ್ಲಿ ಲೇಸರಿನ ಬೆಳಕಿನ ಒತ್ತಡದಿಂದಲೇ ಸೂಕ್ಷ್ಮ ಗೋಲಗಳನ್ನು ಹಿಡಿದಿಟ್ಟರು. ೨೦೧೮ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ, ಅವರಿಗೆ ನೊಬೆಲ್ ಬಂತು. ಇಂಥ ಬೆಳಕಿನ ಇಕ್ಕಳದಲ್ಲಿ ಒಂದೇ ಹನಿಯನ್ನು ಹಿಡಿದು, ಸುತ್ತಲ ತೇವವನ್ನು ಏರಿಸಿ ಇಳಿಸಿ, ರಾಮನ್ ರೋಹಿತದಿಂದ ಅದರ ಬದಲಾವಣೆಯನ್ನು ಓದುತ್ತಾರೆ. ಕಡಲೆಕಾಯಿ ಎಣ್ಣೆಯಲ್ಲಿ ಹೇರಳವಾಗಿರುವ ಓಲಿಯಿಕ್ ಆಮ್ಲ ಅಡಿಗೆಯ ಹೊಗೆಯಲ್ಲಿಯೂ ಸೇರುತ್ತದೆ. ಅದರ ಹನಿಗೆ ಓಜೋನನ್ನು ತಾಗಿಸಿದರೆ ಅಣುವಿನ ನಡುವಣ ಜೋಡಿಬಂಧದ ಗುರುತು, ೧೬೫೫ರ ಬಳಿಯದು, ನೋಡನೋಡುತ್ತ ಅಳಿಸಿಹೋಗುತ್ತದೆ. ಬಿಸಿಲುಕೋಲಿನಲ್ಲಿ ತ್ರಸರೇಣುವನ್ನು ನೋಡಿ ಸುಮ್ಮನಾಗಿದ್ದ ಮನುಷ್ಯ ಇಂದು ಬಿಸಿಲುಕೋಲಿನಂಥ ಬೆಳಕಿನಿಂದಲೇ ಅದನ್ನು ಹಿಡಿದು ನಿಲ್ಲಿಸಿ ಮಾತನಾಡಿಸುತ್ತಿದ್ದಾನೆ.

ಇನ್ನು ನಮ್ಮ ಗುಡ್ಡಕ್ಕೆ ಬರುತ್ತೇನೆ. ನಮ್ಮ ಕಡೆಯ ಬಂಡೆಗಳು ಬಹಳ ಮಟ್ಟಿಗೆ ಗ್ರಾನೈಟು, ನೈಸ್. ಅವುಗಳಲ್ಲಿ ಫೆಲ್ಡ್‌ಸ್ಪಾರ್, ಅಭ್ರಕಗಳ ಜೊತೆಗೆ ಬೆಣಚು ಸಾಕಷ್ಟಿದೆ. ಬೆಣಚಿನ ನವುರು ಧೂಳು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಇಳಿದರೆ ಬರುವ ರೋಗ ಸಿಲಿಕೋಸಿಸ್. ಶ್ವಾಸಕೋಶದ ಕಾವಲು ಕೋಶಗಳು ಕಣವನ್ನು ನುಂಗುತ್ತವೆ, ಅರಗಿಸಲಾರದೆ ಸಾಯುತ್ತವೆ, ಸತ್ತ ಜಾಗ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಮತ್ತೆ ಮೆದುವಾಗುವುದಿಲ್ಲ. ಕ್ಷಯವೂ ಅಂಥವರನ್ನು ಬೇಗ ಹಿಡಿಯುತ್ತದೆ. ಕೋಲಾರದ ಚಿನ್ನದ ಗಣಿಗಳಲ್ಲಿ ೧೯೪೦ರ ದಶಕದಲ್ಲಿಯೇ ಈ ರೋಗದ ಪರಿಶೀಲನೆ ನಡೆದಿತ್ತು. ೧೯೪೮ರ ಕಾರ್ಖಾನೆ ಕಾಯಿದೆ ಇದನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಜಲ್ಲಿ ಕ್ರಷರುಗಳ ನಿಯಂತ್ರಣಕ್ಕೆಂದೇ ನಮ್ಮ ರಾಜ್ಯ ೨೦೧೧ರಲ್ಲಿ ಒಂದು ಕಾನೂನು ಮಾಡಿತು.

ಇಲ್ಲಿಯೂ ಮೇಲ್ಮೈಯದೇ ಮಾತು. ಹಳೆಯ ಬೆಣಚಿನ ಪುಡಿಗಿಂತ ಆಗತಾನೆ ಒಡೆದ ಪುಡಿ ಹೆಚ್ಚು ಉಗ್ರ. ಕಲ್ಲು ಒಡೆದಾಗ ಸಿಲಿಕಾನ್, ಆಮ್ಲಜನಕಗಳ ನಡುವಣ ಬಂಧಗಳೂ ಮುರಿಯುತ್ತವೆ. ಮುರಿದ ತುದಿಗಳು ಸಿಕ್ಕಿದ್ದಕ್ಕೆ ಕೈಹಾಕುವ ಹಸಿವಿನಲ್ಲಿರುತ್ತವೆ. ದಿನಗಳು ಕಳೆದಂತೆ ಗಾಳಿಯೂ ತೇವವೂ ತಾಗಿ ಅವು ತಣಿಯುತ್ತವೆ. ಜೇಡಿಯ ತೆಳುಪೊರೆ ಮುಚ್ಚಿದ ಬೆಣಚುಕಣ ಅಷ್ಟು ಕ್ರೂರವಲ್ಲವೆಂದೂ ಪ್ರಯೋಗಗಳು ತೋರಿವೆ. ಹಾಗಾದರೆ ಅತ್ಯಂತ ಕೆಟ್ಟ ಧೂಳು ಸಿಗುವುದು ಯಾರಿಗೆ? ರಸ್ತೆಯಲ್ಲಿ ಹೋಗುವವನಿಗಲ್ಲ, ಜಲ್ಲಿ ಕೊಳ್ಳುವವನಿಗಲ್ಲ. ಯಂತ್ರದ ಬಾಯಿಯ ಬಳಿ ನಿಂತವನಿಗೆ.

ಇದನ್ನು ಅಳೆಯುವುದು ಅಸಾಧ್ಯವೇನಲ್ಲ. ಕೆಲಸಗಾರನ ಕೊರಳ ಬಳಿ ಸಣ್ಣ ಸೋಸುಪೊರೆಯನ್ನಿಟ್ಟು ದಿನವೆಲ್ಲ ಅದರ ಮೂಲಕ ಗಾಳಿಯನ್ನೆಳೆದು, ಸಂಜೆ ಆ ಪೊರೆಯನ್ನು ಅವಕೆಂಪು ಯಂತ್ರದಲ್ಲಿಟ್ಟರೆ, ೮೦೦ರ ಬಳಿ ಜೋಡಿ ಗುರುತುಗಳಾಗಿ ಬೆಣಚು ತನ್ನ ಹೆಬ್ಬೆಟ್ಟು ಒತ್ತಿರುತ್ತದೆ. ಎಷ್ಟು ಬೆಣಚೆಂಬ ಲೆಕ್ಕವೂ ಸಿಗುತ್ತದೆ. ಪರಿಹಾರಗಳೂ ಗೊತ್ತಿರುವಂಥವೇ: ಒಡೆಯುವ ಕಡೆ ನೀರಿನ ತುಂತುರು, ಬೆಲ್ಟಿಗೆ ಮುಚ್ಚಿಗೆ, ನವುರು ಧೂಳನ್ನು ತಡೆಯುವ ಸರಿಯಾದ ಮುಖಗವಸು, ವರ್ಷಕ್ಕೊಮ್ಮೆ ಎದೆಯ ಎಕ್ಸ್-ರೇ.

ಇವಿಷ್ಟನ್ನು ಕೇಳಿ ನಾನೊಂದು ಅರ್ಜಿಯನ್ನು ಬರೆದಿದ್ದೇನೆ. ಹನ್ನೊಂದು ಮಂದಿ ಅದಕ್ಕೆ ಸ್ಸೈನೋ ಹೆಬ್ಬೆಟ್ಟೋ ಹಾಕಿದ್ದಾರೆ. ನನ್ನ ತಂದೆ ಇನ್ನೂ ಹಾಕಿಲ್ಲ. ಮೇಸ್ತ್ರಿ ಕೆಲಸ ಬಿಡಿಸಿದರೆ ಮನೆ ನಡೆಯುವುದು ಹೇಗೆ ಎಂಬ ಅಂಜಿಕೆ ಅವರದು. ಆ ಅಂಜಿಕೆಯನ್ನು ತೆಗೆಯುವ ರೋಹಿತ ಯಾವ ಪ್ರಯೋಗಶಾಲೆಯಲ್ಲಿಯೂ ಇಲ್ಲ. ಆದರೆ ತಮ್ಮನನ್ನು ಬೇಸಗೆಯಲ್ಲಿ ಕ್ರಷರಿಗೆ ಕಳಿಸುವುದಿಲ್ಲವೆಂದು ಮೊನ್ನೆ ಅವರಾಗಿಯೇ ಹೇಳಿದರು. ಮರುಪರೀಕ್ಷೆಗೆ ಶುಲ್ಕ ಕಟ್ಟಿಯಾಯಿತು.

ನಮ್ಮ ಕೇರಿಯಲ್ಲಿ ಕಾಗದ ಬಂದರೆ ಓದಲು ಬಂದವನು ಜಗಲಿಯ ಮೇಲೆ ಕುಳಿತು ಎಲ್ಲರಿಗೂ ಕೇಳುವಂತೆ ಓದಿ ಹೇಳುವುದು ವಾಡಿಕೆ. ಐದನೆಯ ತರಗತಿಯಿಂದ ಆ ಕೆಲಸ ನನ್ನದು: ಬ್ಯಾಂಕಿನ ನೋಟೀಸು, ಕರೆಂಟು ಬಿಲ್ಲು, ಮದುವೆಯ ಕರೆಯೋಲೆ, ಸಾವಿನ ಸುದ್ದಿ. ಬೆಳಕು ಧೂಳಿನ ಮೈಮೇಲಿಂದ ತಂದುಕೊಡುವ ಈ ಕಾಗದ ಇಂಗ್ಲಿಷಿನಲ್ಲಿದೆ, ಅಂಕಿಗಳಲ್ಲಿದೆ, ದೂರದ ಪ್ರಯೋಗಶಾಲೆಗಳಲ್ಲಿದೆ. ಆದರೆ ವಿಳಾಸ ನಮ್ಮ ಕೇರಿಯದು. ಓದಿ ಹೇಳುವವರು ಬೇಕು. ಈ ವರ್ಷ ಪದವಿ ಪಡೆದು ಹೊರಡುವ ನಾವು, ವಿಜ್ಞಾನ ನಮ್ಮ ವಿಷಯವಲ್ಲವೆಂದು ಆ ಕಾಗದವನ್ನು ಮಡಿಸಿಡದಿದ್ದರೆ ಸಾಕು. ಅರ್ಜಿ ನನ್ನ ಚೀಲದಲ್ಲಿದೆ. ಹನ್ನೆರಡನೆಯ ಗುರುತಿಗೆ ಜಾಗ ಬಿಟ್ಟಿದ್ದೇನೆ.